ರೋಜಾ ತಿಂಗಳ ಮಧ್ಯಾಹ್ನದೂಟ

ನನ್ನ ಸೋದರಮಾವ ಮೂವತ್ತೆಂಟು ವರ್ಷದಿಂದ ಕನ್ನಡಕದ ಗಾಜು ತೇಯುವ ಕೆಲಸ ಮಾಡುತ್ತಾರೆ. ನಮ್ಮ ಬೀದಿಯ ಅರ್ಧ ಜನ ಅವರು ತೇದ ಗಾಜನ್ನೇ ಮೂಗಿನ ಮೇಲಿಟ್ಟುಕೊಂಡು ಓಡಾಡುತ್ತಾರೆ, ಆದರೆ ಅವರ ಮುಖ ಕಂಡವರು ಕಡಿಮೆ. ಅಂಗಡಿಯ ಮುಂಭಾಗದಲ್ಲಿ ಕನ್ನಡಿ, ದೀಪ, ನಗುಮುಖದ ಯಜಮಾನರು. ಪರದೆ ಸರಿಸಿ ಹಿಂದೆ ಹೋದರೆ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲಿ ಸಾಣೆ ಯಂತ್ರ, ಅದರ ಮುಂದೆ ಬೆನ್ನು ಬಗ್ಗಿಸಿ ಕೂತ ಮಾವ. ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಕಾದು ಸೀಳುತ್ತದೆ. ಹಾಗಾಗಿ ಅವರ ಬೆರಳ ತುದಿಗಳು ವರ್ಷವಿಡೀ ನೆನೆದು ಸುಕ್ಕುಗಟ್ಟಿರುತ್ತವೆ, ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಹಿಟ್ಟು. ಅಂಥ ಬೆರಳಿನಿಂದ ಒಂದು ಹನಿ ರಕ್ತ ತೆಗೆಯುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ.

ಯಾಕೆಂದರೆ ನಾನು ರಕ್ತ ತೆಗೆಯುವವಳು. ಎರಡು ಬೀದಿ ಆಚೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಜನರ ತೋಳಿಗೆ ಪಟ್ಟಿ ಬಿಗಿದು "ಮುಷ್ಟಿ ಗಟ್ಟಿ ಹಿಡೀರಿ" ಅನ್ನುತ್ತಿದ್ದೇನೆ. ಮಾವ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವರಿಗೆ ನಾನು ಸೂಜಿ. ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, "ಸೂಜಿ ಬಂತು, ಇದ್ದಬದ್ದ ರಕ್ತ ಬಚ್ಚಿಟ್ಕೊಳ್ಳಿ" ಅಂತ ಖಾಲಿ ಕೋಣೆಗೇ ಹೇಳುತ್ತಾರೆ.

ಕೋಣೆ ಖಾಲಿಯಾಗಿ ಮೂರು ವರ್ಷವಾಯಿತು. ಅತ್ತೆ ಹೋದದ್ದು ಒಂದು ಸಾಧಾರಣ ಜ್ವರದಲ್ಲಿ, ನಾಲ್ಕೇ ದಿನದಲ್ಲಿ. ಮಕ್ಕಳಿರಲಿಲ್ಲ. ಕೆಳಗೆ ಮುದ್ರಣಾಲಯ, ಮೇಲೆ ಮಾವನ ಒಂದು ಕೋಣೆ, ಒಂದು ಅಡುಗೆಮನೆ. ಹಗಲೆಲ್ಲಾ ಯಂತ್ರದ ತಾಳಕ್ಕೆ ನೆಲ ನಡುಗುತ್ತಿರುತ್ತದೆ, ಮೇಜಿನ ಮೇಲಿನ ಲೋಟ ತಾನೇ ತಾನಾಗಿ ಅಂಚಿಗೆ ಬಂದು ನಿಂತಿರುತ್ತದೆ. ನಮ್ಮ ಮನೆಗೆ ಬಂದುಬಿಡು ಅಂತ ಅಮ್ಮ ತನ್ನ ತಮ್ಮನನ್ನು ನೂರು ಸಲ ಕರೆದಿದ್ದಾಳೆ. "ನಿಮ್ಮನೇಲಿ ಕಾಲು ಚಾಚಿದ್ರೆ ಗೋಡೆ, ಮಡಚಿದ್ರೆ ಮಕ್ಕಳು" ಅನ್ನುತ್ತಾರೆ ಮಾವ. ಅದು ನಿಜವೂ ಹೌದು. ಮಂಡಿನೋವಿನ ಅಮ್ಮ ಅವರ ಮೆಟ್ಟಿಲು ಹತ್ತಲಾರಳು, ದಿನಕ್ಕೊಂದು ಸಲ ಫೋನು ಮಾಡುತ್ತಾಳೆ. ಮೇಲೆ ಹೋಗಿಬರುವವಳು ನಾನೊಬ್ಬಳೇ, ಅದೂ ವಾರಕ್ಕೊಂದು ಸಲ, ಕೈಯಲ್ಲಿ ಸಕ್ಕರೆ ನೋಡುವ ಯಂತ್ರ ಹಿಡಿದುಕೊಂಡು.

ಹೀಗೆ ವರ್ಷಕ್ಕೆ ಹನ್ನೊಂದು ತಿಂಗಳು ಅವರದು ಒಂಟಿ ಊಟ. ಗೋಡೆಗೆ ಮುಖ, ಎದುರಿಗೆ ರೇಡಿಯೋ. ರಂಜಾನ್ ತಿಂಗಳೊಂದರಲ್ಲಿ ಮಾತ್ರ ಹಾಗಲ್ಲ. ಹಗಲೆಲ್ಲ ರೋಜಾ, ಅಂದರೆ ನೀರೂ ಮುಟ್ಟದ ಉಪವಾಸ. ಸಂಜೆ ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಬಟ್ಟೆ ಹಾಸುತ್ತಾರೆ, ಎರಡೂ ಕಡೆ ಅರವತ್ತು ಎಪ್ಪತ್ತು ಜನ ಕೂರುತ್ತಾರೆ, ಮುಂದೆ ಖರ್ಜೂರ, ನೀರು, ಹೆಚ್ಚಿದ ಹಣ್ಣು. ಮಾವನ ಎಡಕ್ಕೆ ಬೀಗ ರಿಪೇರಿಯವರು, ಬಲಕ್ಕೆ ಹಾಲಿನವರು, ಇಪ್ಪತ್ತು ವರ್ಷದಿಂದ ಅದೇ ಜಾಗ. ಬೀಗದವರು ಪ್ರತಿ ವರ್ಷ ಅದೇ ಹಳೇ ತಮಾಷೆ ಹೇಳುತ್ತಾರೆ: ಎಂಥಾ ಬೀಗ ಬೇಕಾದ್ರೂ ತೆಗೀತೀನಿ, ಈ ಹೊಟ್ಟೆಗೆ ಮಾತ್ರ ಸಂಜೆ ಬಾಂಗು ಕೂಗೋವರೆಗೂ ಕೀಲಿ ಸಿಗಲ್ಲ. ಮಾವ ಪ್ರತಿ ವರ್ಷ ಹೊಸದಾಗಿ ಕೇಳಿದವರಂತೆ ನಗುತ್ತಾರೆ. ಮನೆಗೆ ಬಂದು ಅಮ್ಮನಿಗೆ ಫೋನಿನಲ್ಲಿ ಮತ್ತೆ ಅದನ್ನೇ ಹೇಳುತ್ತಾರೆ.

ಉಪವಾಸ ಮೈಗೆ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ, ಯಾರ ಮೈಗೆ ಅಂತ ಮೊದಲು ಹೇಳಿ ಅನ್ನುತ್ತೇನೆ ನಾನು. ಲ್ಯಾಬಿನಲ್ಲಿ ಕೂತವಳಿಗೆ ಒಂದೇ ಉಪವಾಸ ಹತ್ತು ಮೈಯಲ್ಲಿ ಹತ್ತು ಥರ ಕಾಣುತ್ತದೆ. ಬೀಗದವರು ಹಗಲು ಬೀಡಿ ಮುಟ್ಟದೆ, ಸಂಜೆ ಹಿತಮಿತವಾಗಿ ತಿಂದು, ತಿಂಗಳ ಕೊನೆಗೆ ರಕ್ತದೊತ್ತಡ ಇಳಿಸಿಕೊಂಡು ಹುಡುಗನ ಹಾಗೆ ಓಡಾಡುತ್ತಾರೆ. ಹಾಲಿನವರು ಹಗಲಿನ ಬಾಕಿಯನ್ನೆಲ್ಲ ಸಂಜೆ ಕರಿದದ್ದರಲ್ಲಿ, ಸಿಹಿಯಲ್ಲಿ ವಸೂಲಿ ಮಾಡಿ ಮೂರು ಕಿಲೋ ಏರಿರುತ್ತಾರೆ, ಆಮೇಲೆ ಉಪವಾಸವಿದ್ದರೂ ಹೊಟ್ಟೆ ಯಾಕೆ ಬಂತು ಅಂತ ನನ್ನನ್ನೇ ಕೇಳುತ್ತಾರೆ. ಚಹಾ ಚಟದವರಿಗೆ ಮೊದಲ ಮೂರು ದಿನ ತಲೆನೋವು. ಕಿಡ್ನಿಯಲ್ಲಿ ಕಲ್ಲಿರುವವರು ನೀರಿಲ್ಲದೆ ಸೊಂಟ ಹಿಡಿದುಕೊಂಡು ಬರುತ್ತಾರೆ. ಮಧ್ಯಾಹ್ನದ ಮೇಲೆ ಮೈಯಲ್ಲಿ ನೀರು ಕಡಿಮೆಯಾಗಿ ಯಾರ ತೋಳಿನಲ್ಲೂ ನರ ಸಿಗುವುದಿಲ್ಲ, ನಾನು ಸೂಜಿ ಹಿಡಿದು ಹುಡುಕುತ್ತಾ ಕೂರುತ್ತೇನೆ.

ಮಾವನಿಗೂ ಒಂದು ಕಾಲದಲ್ಲಿ ಉಪವಾಸ ಒಗ್ಗುತ್ತಿತ್ತು. ಹೊಟ್ಟೆ ಹಗುರಾಗಿದೆ, ಕಣ್ಣು ಚುರುಕಾಗಿದೆ ಅನ್ನುತ್ತಿದ್ದರು. ಆದರೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು, ಕಳೆದ ಚಳಿಗಾಲದಿಂದ ಮಾತ್ರೆ ಸಾಲದೆ ಬೆಳಿಗ್ಗೆ ಸಂಜೆ ಇನ್ಸುಲಿನ್ ಬಂತು. ಈ ವರ್ಷ ಉಪವಾಸ ಶುರುವಾಗುವ ಹದಿನೈದು ದಿನ ಮುಂಚೆ ಅವರ ರಕ್ತ ನಾನೇ ತೆಗೆದೆ. ಮೂರು ತಿಂಗಳ ಸರಾಸರಿ ಸಕ್ಕರೆ ಕೆಟ್ಟಿತ್ತು, ಕಿಡ್ನಿಯ ಅಂಕಿಯೂ ಗೆರೆ ದಾಟಿತ್ತು. ಚೀಟಿ ಹಿಡಿದು ಅವರನ್ನು ಸಕ್ಕರೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಿ, ನಾನೂ ರೋಜಾ ಇರೋಳೇ. ನಾನೇ ಹೇಳ್ತಿದೀನಿ, ಈ ವರ್ಷದಿಂದ ನಿಮಗೆ ಬೇಡ. ಇನ್ಸುಲಿನ್ ಹಾಕ್ಕೊಂಡು ಹೊಟ್ಟೆ ಖಾಲಿ ಬಿಟ್ರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ, ಕೂತಲ್ಲೇ ಬಿದ್ದುಹೋಗ್ತೀರ. ಒಬ್ಬರೇ ಇರೋರು ಬೇರೆ. ಮೂರು ಹೊತ್ತು ತಿನ್ನಿ. ಇನ್ಸುಲಿನ್ ಮಾತ್ರ ಒಂದು ದಿನಾನೂ ತಪ್ಪಿಸಬೇಡಿ."

"ಆಯ್ತಮ್ಮ" ಅಂದರು ಮಾವ. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಸೀದಿಯ ಇಮಾಮರನ್ನೂ ಕೇಳಿದೆವು. ವಾಸಿಯಾಗದ ಕಾಯಿಲೆಯವರು ಉಪವಾಸ ಇರಬೇಕಾಗಿಲ್ಲ, ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವರಿಗೆ ಊಟ ಹಾಕಿದರೆ ಆಯಿತು ಅಂದರು. "ದೇವರೇ ನಿಮಗೆ ರಜಾ ಕೊಟ್ಟಿದಾನೆ. ರಜಾದಲ್ಲೂ ಕೆಲಸಕ್ಕೆ ಬರ್ತೀನಿ ಅಂದ್ರೆ ಹೇಗೆ ಸ್ವಾಮಿ?" ಮಾವ ನಕ್ಕರು. ಆ ವಾರವೇ ಅನಾಥರ ಮನೆಯೊಂದಕ್ಕೆ ತಿಂಗಳ ಊಟಕ್ಕೆ ಆಗುವಷ್ಟು ಸಾಮಾನು ಕಳಿಸಿದರು. ನನ್ನ ತಲೆಯ ಮೇಲಿನ ಭಾರ ಇಳಿಯಿತು ಅಂದುಕೊಂಡು ನಾನು ನನ್ನ ಉಪವಾಸ, ನನ್ನ ಮಕ್ಕಳು, ನನ್ನ ಸೂಜಿ ನೋಡಿಕೊಂಡೆ.

ದಿನಾ ಒಂದು ಗಂಟೆಗೆ ಲ್ಯಾಬಿನಿಂದ ಫೋನು ಮಾಡಿ "ಊಟ ಆಯ್ತಾ ಮಾವ?" ಅನ್ನುತ್ತಿದ್ದೆ. "ಆಯ್ತು" ಅನ್ನುತ್ತಿದ್ದರು. ಹತ್ತು ದಿನ ಹೀಗೇ ನಡೆಯಿತು.

ಹನ್ನೊಂದನೆಯ ದಿನ ಒಬ್ಬ ಶಾಲೆ ಟೀಚರು ಹಿಂದಿನ ದಿನ ಒಯ್ದಿದ್ದ ಹೊಸ ಕನ್ನಡಕವನ್ನು ವಾಪಸು ತಂದು ಯಜಮಾನರ ಮುಂದೆ ಇಟ್ಟರು. "ಇದನ್ನ ಹಾಕ್ಕೊಂಡ್ರೆ ಶಾಲೆ ಮೆಟ್ಟಿಲು ಓರೆಯಾಗಿ ಕಾಣುತ್ತೆ. ನಿನ್ನೆ ಬೀಳೋದೊಂದು ಬಾಕಿ" ಅಂದರು. ಕೆಲವು ಗಾಜುಗಳಿಗೆ ಪವರಿನ ಜೊತೆ ಒಂದು ಕೋನವೂ ಇರುತ್ತದೆ. ಚೀಟಿಯಲ್ಲಿ ಬರೆದ ಡಿಗ್ರಿಗೆ ಸರಿಯಾಗಿ ಗಾಜಿನ ಮೇಲೆ ಮಸಿಯಲ್ಲಿ ಮೂರು ಚುಕ್ಕಿ ಇಟ್ಟುಕೊಂಡು ತೇಯಬೇಕು, ಚೂರು ತಿರುಗಿದರೂ ಲೋಕವೇ ವಾಲುತ್ತದೆ. ಯಜಮಾನರು ಅಳೆದು ನೋಡಿದರು. ಎಡಗಣ್ಣಿನ ಕೋನ ಬಲಗಣ್ಣಿಗೆ, ಬಲಗಣ್ಣಿನದು ಎಡಕ್ಕೆ. ಮೂವತ್ತೆಂಟು ವರ್ಷದಲ್ಲಿ ಮಾವ ಅಂಥ ತಪ್ಪು ಮಾಡಿದವರಲ್ಲ. ಪರದೆ ಸರಿಸಿ ನೋಡಿದರೆ, ಒರೆಸಿ ಶುಭ್ರವಾಗಿದ್ದ ಒಂದು ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಾ ಕೂತಿದ್ದರಂತೆ, ಅಂಗಿ ಬೆವರಿಗೆ ಬೆನ್ನಿಗಂಟಿತ್ತಂತೆ. ಯಜಮಾನರು ಕರೆದರೆ "ಬಂದೆ, ಬಂದೆ" ಅಂದರು, ಏಳಲಿಲ್ಲ. ಯಜಮಾನರೇ ನನಗೆ ಫೋನು ಮಾಡಿದರು.

ನಾನು ಸಕ್ಕರೆ ಯಂತ್ರ ಹಿಡಿದು ಓಡಿದೆ. ಬೆರಳು ಹಿಡಿದರೆ ಮಾವ ಕೈ ಎಳೆದುಕೊಂಡರು.

"ಬೇಡ. ರಕ್ತ ಬಂದ್ರೆ ರೋಜಾ ಮುರಿಯುತ್ತೆ."

ಆಗ ಗೊತ್ತಾಯಿತು ನನಗೆ. ಮೈಯೆಲ್ಲ ಉರಿದುಹೋಯಿತು. "ಒಂದು ಹನಿಗೆ ಮುರಿಯಲ್ಲ, ಇಮಾಮರನ್ನ ಕೇಳಿದೀನಿ. ಮುರಿದ್ರೂ ಮುರೀಲಿ, ಕೊಡಿ ಇಲ್ಲಿ" ಅಂದೆ. ಐವತ್ತೆರಡು ತೋರಿಸಿತು. ಎಪ್ಪತ್ತರ ಕೆಳಗೆ ಬಂದರೆ ಅಪಾಯ. ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಬಾಯಿಗೆ ಹಿಡಿದೆ. ಅವರು ಗೋಡೆಯ ಗಡಿಯಾರ ನೋಡಿದರು.

"ಇನ್ನು ಒಂದೂಮುಕ್ಕಾಲು ಗಂಟೆ ಇದೆ ಅಷ್ಟೆ, ಸೂಜಿ."

"ಅಷ್ಟರಲ್ಲಿ ನೀವೇ ಇರಲ್ಲ. ಕುಡೀರಿ."

ಕುಡಿದರು. ಕಣ್ಣು ಮುಚ್ಚಿಕೊಂಡು, ಔಷಧಿ ಕುಡಿಯುವ ಮಗುವಿನಂತೆ, ಒಂದೊಂದೇ ಗುಟುಕು. ಗಡ್ಡದ ಮೇಲೆ ನೀರಿಳಿಯುತ್ತಿತ್ತು, ಅದು ಲೋಟದ್ದಲ್ಲ. ಕಾಲು ಗಂಟೆ ಬಿಟ್ಟು ನೋಡಿದರೆ ಅಂಕಿ ಮೇಲೇರಿತ್ತು, ಮಾತು ಹಳಿಗೆ ಬಂದಿತ್ತು. ಇನ್ಸುಲಿನ್ ಎಷ್ಟು ಹಾಕಿಕೊಂಡಿರಿ ಅಂತ ಕೇಳಿದೆ.

"ಪೂರ್ತಿ. ತಪ್ಪಿಸಬೇಡಿ ಅಂತ ಡಾಕ್ಟರಮ್ಮ ಹೇಳಿದ್ರಲ್ಲ. ಬೆಳಗಿನ ಜಾವ ಎದ್ದು, ತಿಂದು, ಹಾಕ್ಕೊಂಡು, ರೋಜಾ ಇಟ್ಕೊಂಡೆ. ದೇವರ ಮಾತೂ ಕೇಳಿದೆ, ಅವರ ಮಾತೂ ಕೇಳಿದೆ."

ಇಬ್ಬರ ಮಾತೂ ಅರ್ಧರ್ಧ ಕೇಳಿದರೆ ಹೀಗೇ ಆಗೋದು ಅಂತ ಬೈದೆ. ಹತ್ತು ದಿನ ನನಗೆ ಸುಳ್ಳು ಹೇಳಿದಿರಿ ಅಂತಲೂ ಬೈದೆ. "ಸುಳ್ಳಲ್ಲ ಮಗಳೇ. ನೀನು ಊಟ ಆಯ್ತಾ ಅಂತಿದ್ದೆ. ಬೆಳಗಿನ ಜಾವ ಆಗಿತ್ತು, ಆಯ್ತು ಅಂದೆ" ಅಂದರು. ಯಜಮಾನರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಈಗ ಅನ್ನಿಸುತ್ತದೆ, ಅವತ್ತು ಬೈಗುಳ ಸ್ವಲ್ಪ ಕಡಿಮೆ ಮಾಡಿ, ಯಾಕೆ ಹೀಗೆ ಮಾಡಿದಿರಿ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನಾನು ಅಂಕಿ ನೋಡುವವಳು, ಅಂಕಿ ನೋಡಿದೆ.

ಯಜಮಾನರು ಒಳ್ಳೆಯ ಮನುಷ್ಯ. ತಿಂಗಳು ಮುಗಿಯುವವರೆಗೂ ಮನೆಯಲ್ಲಿ ಸುಧಾರಿಸಿಕೊಳ್ಳಿ, ಕೆಲಸ ಎಲ್ಲೂ ಹೋಗಲ್ಲ ಅಂದರು. ಹೀಗೆ ಒಂದೇ ಸಂಜೆಯಲ್ಲಿ ಮಾವನಿಗೆ ಉಪವಾಸವೂ ಹೋಯಿತು, ಸಾಣೆಯೂ ಹೋಯಿತು. ಮಸೀದಿಯ ಸಾಲಿಗೂ ಹೋಗಲಿಲ್ಲ. ಉಪವಾಸ ಇಲ್ಲದಿದ್ದರೂ ಬಂದು ಕೂರಿ, ಯಾರು ಬೇಡ ಅಂತಾರೆ ಅಂತ ಇಮಾಮರೇ ಹೇಳಿ ಕಳಿಸಿದರು. ಬೀಗದವರು ಎರಡು ಸಂಜೆ ಮೆಟ್ಟಿಲು ಹತ್ತಿ ಬಂದು ಕರೆದರು. ನಮ್ಮ ಮನೆಗಾದರೂ ಬಾ, ಬಾಂಗು ಆದಾಗ ನಮ್ಮ ಜೊತೆ ಕೂರು ಅಂತ ಅಮ್ಮ ಫೋನಿನಲ್ಲಿ ಅತ್ತಳು. ಎಲ್ಲರಿಗೂ ಒಂದೇ ಉತ್ತರ.

"ಗೇಯದವನು ಕೂಲಿ ಸಾಲಲ್ಲಿ ನಿಲ್ಲಬಾರದು."

ಹಟಮಾರಿ ಅಂತ ನಾವು ಬಿಟ್ಟೆವು. ಬಡವರಿಗೆ ಊಟ ಹೋಗುತ್ತಿದೆ, ಡಾಕ್ಟರಮ್ಮನ ಮಾತು ನಡೆಯುತ್ತಿದೆ, ಮನುಷ್ಯ ಮೂರು ಹೊತ್ತು ತಿನ್ನುತ್ತಿದ್ದಾನೆ, ಇನ್ನೇನು ಬೇಕು ಅಂತ ನನ್ನ ಲೆಕ್ಕ.

ಹದಿನಾರನೆಯ ದಿನ ಸಂಜೆ ಹೋಗಿ ಅವರ ಬಳಿ ಬಿಟ್ಟಿದ್ದ ಇನ್ನೊಂದು ಸಕ್ಕರೆ ಯಂತ್ರ ತೆಗೆದು ನೋಡಿದೆ. ಅದು ಹಳೆಯ ಅಂಕಿಗಳನ್ನು ನೆನಪಿಟ್ಟುಕೊಳ್ಳುತ್ತದೆ, ಮಾವನ ಹಾಗೆ ಜಾಣತನದ ಉತ್ತರ ಕೊಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅರವತ್ತೆಂಟು. ಮಾರನೆಯ ದಿನ ಅರವತ್ತೊಂದು. ಅದರ ಮಾರನೆಯ ದಿನ ಅರವತ್ತಾರು. ಪಾತ್ರೆಯ ಮುಚ್ಚಳ ತೆಗೆದರೆ ಬೆಳಿಗ್ಗೆ ಮಾಡಿದ ಬೇಳೆ ಮಾಡಿದ ಹಾಗೇ ಇತ್ತು. ರೊಟ್ಟಿಯ ಒಂದು ತುದಿ ಮಾತ್ರ ಹರಿದಿತ್ತು. ಕಿಟಕಿಯ ಬಾಗಿಲುಗಳನ್ನು ಬಟ್ಟೆ ತುರುಕಿ ಮುಚ್ಚಿದ್ದರು.

"ಇದೇನು ಮಾವ?"

"ಬೇಳೆ ಒಗ್ಗರಣೆ ವಾಸನೆ ಕೆಳಗೆ ಹೋಗುತ್ತೆ. ಮುದ್ರಣಾಲಯದ ಹುಡುಗರೆಲ್ಲ ರೋಜಾ ಇದಾರೆ."

"ನೀವು ಯಾಕೆ ತಿಂದಿಲ್ಲ?"

ಅವರು ಪಾತ್ರೆಯ ಮುಚ್ಚಳ ಮತ್ತೆ ಮುಚ್ಚಿದರು. "ಇಳಿಯಲ್ಲ. ಇಡೀ ಬೀದಿ ಬಾಯಿ ಕಟ್ಕೊಂಡಿರುತ್ತೆ, ನಾನೊಬ್ಬ ಕಳ್ಳನ ಹಾಗೆ ಬಾಗಿಲು ಹಾಕ್ಕೊಂಡು ಜಗಿಯೋದು. ಎರಡು ತುತ್ತಿಗೆ ಗಂಟಲು ಮುಚ್ಕೊಳ್ಳುತ್ತೆ."

ಇನ್ಸುಲಿನ್ ಮಾತ್ರ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಉಪವಾಸ ಇಲ್ಲದೆಯೇ ಈ ಮನುಷ್ಯ ಉಪವಾಸ ಬಿದ್ದಿದ್ದರು. ಯಾವುದೋ ಒಂದು ಮಧ್ಯಾಹ್ನ ಈ ನಡುಗುವ ನೆಲದ ಮೇಲೆ ಬಿದ್ದರೆ, ಕೆಳಗಿನ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅವತ್ತು ಡಾಕ್ಟರಮ್ಮನಿಗೆ ಫೋನು ಮಾಡಿ ಬೆಳಗಿನ ಇನ್ಸುಲಿನ್ ಕಡಿಮೆ ಮಾಡಿಸಿದೆ. "ಕಡಿಮೆ ಮಾಡಿದ್ರೂ ಮಧ್ಯಾಹ್ನ ಊಟ ಆಗಲೇಬೇಕು. ಅದಕ್ಕೆ ನನ್ನ ಹತ್ರ ಮದ್ದಿಲ್ಲ" ಅಂದರು ಅವರು.

ಮಾರನೆಯ ಬೆಳಿಗ್ಗೆ ನನಗೆ ತಿಂಗಳ ರಜೆ ಶುರುವಾಯಿತು. ಹೆಂಗಸರಿಗೆ ಆ ಕೆಲವು ದಿನ ಉಪವಾಸವಿಲ್ಲ, ಮುಂದೆ ಯಾವಾಗಲಾದರೂ ಅಷ್ಟು ದಿನ ಇದ್ದು ತೀರಿಸಬೇಕು. ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಹೇಳದೆ ಇರುವುದಕ್ಕಾಗಿ ಏನೆಲ್ಲ ಮಾಡುತ್ತೇವೆ. ಬೆಳಗಿನ ಜಾವ ಎಲ್ಲರ ಜೊತೆ ಎದ್ದು ತಿನ್ನುತ್ತೇವೆ, ಸಂಜೆ ಎಲ್ಲರ ಜೊತೆ ಖರ್ಜೂರ ಬಾಯಿಗಿಡುತ್ತೇವೆ, ನಡುವೆ ಎಲ್ಲೋ ಮೂಲೆಯಲ್ಲಿ ನಿಂತು ನುಂಗುತ್ತೇವೆ. ನನ್ನ ಮೂಲೆ ಲ್ಯಾಬಿನ ಉಗ್ರಾಣ. ಹದಿನಾಲ್ಕು ವರ್ಷ ಹತ್ತಿಯ ಪೊಟ್ಟಣಗಳ ನಡುವೆ ಗೋಡೆಗೊರಗಿ ತಿಂದಿದ್ದೇನೆ. ಜಗಿಯುವ ಸದ್ದು ಹೊರಗೆ ಕೇಳಬಾರದು ಅಂತ ಸೌತೆಕಾಯಿ ಒಯ್ಯುವುದಿಲ್ಲ. ಆ ದಿನವೂ ಹಾಗೇ ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಬಾಯಿಗಿಟ್ಟಾಗ, ಗಂಟಲು ಮುಚ್ಚಿಕೊಳ್ಳುವುದು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನಿಸಿತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಡಬ್ಬಿ ಮುಚ್ಚಿ ಮಾವನ ಮನೆಗೆ ನಡೆದೆ.

ಬಾಗಿಲು ತೆಗೆದವರು ನನ್ನ ಕೈಯಲ್ಲಿ ಸಕ್ಕರೆ ಯಂತ್ರಕ್ಕಾಗಿ ಹುಡುಕಿದರು. ಇದ್ದದ್ದು ಊಟದ ಡಬ್ಬಿ.

"ಹಸಿವಾಗ್ತಿದೆ ಮಾವ. ಜೊತೇಲಿ ಊಟ ಮಾಡೋಣ್ವಾ?"

ಒಂದು ಗಳಿಗೆ ನನ್ನ ಮುಖ ನೋಡಿದರು. ಹೆಂಡತಿಯ ಜೊತೆ ಮೂವತ್ತೊಂದು ವರ್ಷ ಬಾಳಿದವರು, ಕೇಳುವ ಅಗತ್ಯ ಬೀಳಲಿಲ್ಲ. ಅಡುಗೆಮನೆಗೆ ಹೋಗಿ ಇನ್ನೆರಡು ಮೊಟ್ಟೆ ಬೇಯಲು ಇಟ್ಟರು. ಅವತ್ತು ಅವರು ಮೂರು ರೊಟ್ಟಿ ತಿಂದರು. ನಾನು ಮಾವ ತೊಳೆದುಕೊಟ್ಟ ಸೌತೆಕಾಯಿಯನ್ನು ಕಟಕಟ ಅಂತ ಕಡಿದು ತಿಂದೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದರೆ ನೂರಾ ಮೂವತ್ತೆಂಟು.

ಐದು ದಿನ ಹೋದೆ. ಐದು ದಿನವೂ ಮಾವ ನಾನು ಬರುವ ಮೊದಲೇ ಮೇಜನ್ನು ಗೋಡೆಯಿಂದ ಎಳೆದು ನಡುವೆ ಇಟ್ಟಿರುತ್ತಿದ್ದರು. ಎಷ್ಟು ಮಾತಾಡುತ್ತಿದ್ದರು ಅಂತೀರಿ. ಮೂವತ್ತೆಂಟು ವರ್ಷ ಪರದೆಯ ಹಿಂದೆ ಕೂತವರ ಹೊಟ್ಟೆಯಲ್ಲಿ ಇಷ್ಟು ಮಾತಿತ್ತಾ ಅನ್ನಿಸಿತು. ಚೀಟಿ ನೋಡಿಯೇ ಯಾರಿಗೆ ವಯಸ್ಸಾಗುತ್ತಿದೆ, ಯಾರು ಹಳೇ ಪವರಿನಲ್ಲೇ ಜಿಪುಣತನ ಮಾಡುತ್ತಿದ್ದಾರೆ ಅಂತ ಹೇಳುತ್ತಿದ್ದರು. ಮೂರನೆಯ ದಿನ ಅತ್ತೆಯ ಮಾತು ಬಂತು.

"ಅವಳೂ ಹಿಂಗೆ ಈ ಅಡುಗೆಮನೇಲಿ ನಿಂತು ತಿಂತಿದ್ಳು. ಮೂವತ್ತೊಂದು ವರ್ಷ ನಾನು ಒಂದ್ಸಲಾನೂ ನೋಡಿದವನಲ್ಲ. ಮೆಟ್ಟಿಲ ಮೇಲೇ ಕೆಮ್ಮಿಬಿಡ್ತಿದ್ದೆ, ಅವಳು ತಟ್ಟೆ ಒಳಗಿಟ್ಕೊಳ್ಳೋಳು. ಮರ್ಯಾದೆ ಅಂದ್ಕೊಂಡಿದ್ದೆ ನಾನು. ಈಗ ಗೊತ್ತಾಗ್ತಿದೆ, ಆ ತುತ್ತು ಅವಳಿಗೆ ಹೆಂಗೆ ಇಳೀತಿತ್ತೋ ಅಂತ."

ನಾನು ಇನ್ನೊಂದು ರೊಟ್ಟಿ ಅವರ ತಟ್ಟೆಗೆ ಹಾಕಿದೆ.

ಐದನೆಯ ದಿನ ತಟ್ಟೆ ತೊಳೆಯುವಾಗ ಬೆನ್ನು ತಿರುಗಿಸಿಕೊಂಡೇ ಕೇಳಿದರು. "ನಾಳೆ?"

ನಾಳೆಯಿಂದ ನನಗೆ ಉಪವಾಸವಿತ್ತು. "ಬರ್ತೀನಿ ಮಾವ" ಅಂದುಬಿಟ್ಟೆ.

ಮಾರನೆಯ ದಿನ ಹೋದೆ, ಕೂತೆ, ತಿಂದೆ. ರಜೆಯಿಲ್ಲದ ದಿನ, ಕಾಯಿಲೆಯಿಲ್ಲದ ಮೈ, ಬೇಕೆಂದೇ ಬಿಟ್ಟ ಉಪವಾಸ. ಬುದ್ಧಿ ಬಂದಾಗಿನಿಂದ ಹಾಗೆ ಮಾಡಿದವಳಲ್ಲ ನಾನು. ರೊಟ್ಟಿ ಮಣ್ಣಿನ ಹಾಗಿತ್ತು. ಮಾವ ಅದಾವುದನ್ನೂ ಅರಿಯದೆ ಬಡಿಸುತ್ತಾ, ಹಾಲಿನವರ ಹೊಟ್ಟೆಯ ಕಥೆ ಹೇಳುತ್ತಾ ಹೊಟ್ಟೆ ತುಂಬಾ ತಿಂದರು. ಅದೊಂದನ್ನೇ ನೋಡುತ್ತಾ ನಾನು ನುಂಗಿದೆ. ರಾತ್ರಿ ಮನಸ್ಸು ತಡೆಯಲಿಲ್ಲ. ಮಾಡಿದ್ದು ತಪ್ಪು, ನಾಳೆ ಉಪವಾಸ ಇಟ್ಟುಕೊಂಡೇ ಹೋಗುತ್ತೇನೆ, ಸುಮ್ಮನೆ ಎದುರಿಗೆ ಕೂರುತ್ತೇನೆ ಅಂದುಕೊಂಡೆ.

ನನಗೆ ಗೊತ್ತಿಲ್ಲದೆ ನಡೆದದ್ದು ಇಷ್ಟು. ಆ ಸಂಜೆ ಅಮ್ಮ ಎಂದಿನಂತೆ ಮಾವನಿಗೆ ಫೋನು ಮಾಡಿದ್ದಾಳೆ, ಮಾತಿನ ನಡುವೆ "ಇವಳು ಇವತ್ತಿಂದ ಮತ್ತೆ ರೋಜಾ ಹಿಡಿದಿದಾಳೆ ಕಣೋ, ಬಿಸಿಲಲ್ಲಿ ನಿನ್ನ ಮನೆಗೂ ಓಡಾಡ್ತಾಳೆ, ಪಾಪ" ಅಂದಿದ್ದಾಳೆ.

ಮಾರನೆಯ ಮಧ್ಯಾಹ್ನ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಒಳಗಿನಿಂದ ಅಗಳಿ. ತಟ್ಟಿದೆ.

"ಊಟ ಆಯ್ತು ನಂದು. ಹೋಗು" ಅಂದರು ಒಳಗಿನಿಂದ.

"ಹನ್ನೆರಡೂವರೆಗೆ ಯಾರಿಗೆ ಊಟ ಆಗುತ್ತೆ? ತೆಗೀರಿ ಮಾವ."

ಕೆಳಗೆ ಮುದ್ರಣ ಯಂತ್ರ ನಿಂತಿತು, ಹುಡುಗರು ನಮಾಜಿಗೆ ಹೊರಟಿರಬೇಕು. ಆಮೇಲೆ ಮಾವನ ದನಿ ಬಾಗಿಲಿನ ಹತ್ತಿರವೇ ಕೇಳಿತು.

"ಐದು ದಿನ ದೇವರು ನಿನಗೆ ಬಿಟ್ಟುಕೊಟ್ಟಿದ್ದು. ಅದನ್ನ ನಾನೂ ಸಂತೋಷವಾಗಿ ತಗೊಂಡೆ. ನಿನ್ನೆ ರೋಜಾ ನೀನು ನನಗೋಸ್ಕರ ಬಿಟ್ಟಿದ್ದು. ಅದನ್ನ ನಾನು ಎಲ್ಲಿಟ್ಕೊಳ್ಳಲಿ, ಹೇಳು."

ಬಾಗಿಲಿಗೆ ಅಂಗೈ ಇಟ್ಟುಕೊಂಡು ನಿಂತೆ.

"ಇವತ್ತು ನಾನು ರೋಜಾ ಇದೀನಿ ಮಾವ. ಡಬ್ಬಿ ತಂದಿಲ್ಲ. ಸುಮ್ನೆ ಕೂತಿರ್ತೀನಿ."

"ಹಾಗಾದ್ರೆ ಬರಲೇಬೇಡ. ಹಸಿದವರನ್ನ ಎದುರಿಗೆ ಕೂರಿಸ್ಕೊಂಡು ನಾನು ನುಂಗ್ಲಾ? ಆಗಲ್ಲ ಕಣೆ ನನ್ನ ಕೈಲಿ."

ತಿಂದರೆ ಒಳಗೆ ಬಿಡುವುದಿಲ್ಲ, ತಿನ್ನದಿದ್ದರೆ ಒಳಗೆ ಬಿಡುವುದಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇನ್ನೂ ಏಳು ದಿನ ಬಾಕಿಯಿತ್ತು. ಬೆಳಗಿನ ಇನ್ಸುಲಿನ್ ಅ‌ವರ ಮೈಯೊಳಗೆ ಆಗಲೇ ಕೆಲಸ ಶುರು ಮಾಡಿರುತ್ತದೆ. ನಾನು ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ.

"ಒಳಗೆ ಬರಲ್ಲ. ಇಲ್ಲೇ ಕೂತ್ಕೋತೀನಿ. ನೀವು ಕಾಣಲ್ಲ ನಂಗೆ, ನಾನು ಕಾಣಲ್ಲ ನಿಮಗೆ. ನೀವು ತಟ್ಟೆ ಹಾಕ್ಕೊಳ್ಳಿ."

"ಲ್ಯಾಬಿಗೆ ಹೋಗಲ್ವಾ?"

"ಎರಡು ಗಂಟೆವರೆಗೂ ಹೋಗಲ್ಲ. ಎಷ್ಟು ಬಂತು ಸಕ್ಕರೆ? ಚುಚ್ಚಿ ನೋಡಿ, ನಿಜ ಹೇಳಿ."

ಬಹಳ ಹೊತ್ತಾಯಿತು. "ಎಪ್ಪತ್ತೊಂಬತ್ತು."

"ಹಾಗಾದ್ರೆ ಇನ್ನು ತಡ ಮಾಡಬೇಡಿ."

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಆಮೇಲೆ ಕುರ್ಚಿಯನ್ನು ನೆಲದ ಮೇಲೆ ಎಳೆಯುವ ಸದ್ದು, ಮೇಜಿನ ಕಡೆಯಿಂದ ಬಾಗಿಲ ಕಡೆಗೆ. ಬಾಗಿಲಿನ ಹಲಗೆ ನನ್ನ ಬೆನ್ನಿಗೆ ಒಂದಿಷ್ಟು ಒತ್ತಿ ಬಂತು. ಅವರೂ ಆಚೆಯಿಂದ ಒರಗಿ ಕೂತಿದ್ದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ರೊಟ್ಟಿ ಹರಿದ ಸದ್ದು ಕೇಳುವಂಥದ್ದಲ್ಲ, ಕೇಳಿಸಿತು ಅಂದುಕೊಂಡೆ.

"ಸೂಜಿ."

"ಇದೀನಿ ಮಾವ."

"ತಿಂತಿದೀನಿ."

"ಸರಿ, ನಿಧಾನವಾಗಿ ತಿನ್ನಿ" ಅಂದೆ.